ಆರ್‌ಸಿಸಿಬಿ ಸುಮ್ಮಸುಮ್ಮನೆ ಬೀಳುವುದಿಲ್ಲ

ಜೂನ್ ಮಳೆ ಹಿಡಿಯಿತೆಂದರೆ ಮಲೆನಾಡು, ಕರಾವಳಿಯ ಎಲೆಕ್ಟ್ರಿಷಿಯನ್‌ಗಳ ಫೋನಿಗೆ ಪುರುಸೊತ್ತಿರುವುದಿಲ್ಲ. ದೂರು ಹೆಚ್ಚುಕಮ್ಮಿ ಒಂದೇ: "ಪಕ್ಕದ ಮನೇಲಿ ಲೈಟು ಉರೀತಿದೆ, ನಮ್ಮನೇಲಿ ಮಾತ್ರ ಮೇನ್ ನಿಲ್ತಾ ಇಲ್ಲ. ಎತ್ತಿದ ತಕ್ಷಣ ಟಪ್ ಅಂತ ಬೀಳುತ್ತೆ." ಹಾಗೆ ಬೀಳುವುದು ಆರ್‌ಸಿಸಿಬಿ, ಅಂದರೆ ಕರೆಂಟು ಎಲ್ಲಾದರೂ ನೆಲಕ್ಕೆ ಸೋರಿದರೆ (ಲೀಕೇಜು) ತಾನಾಗಿ ಬಿದ್ದು ಲೈನ್ ಕತ್ತರಿಸುವ ಸ್ವಿಚ್ಚು. ಈ ದೂರಿಗೆ ಸಿಗುವ ಸಲಹೆಯೂ ಹಲವು ಸಲ ಒಂದೇ: "ಆ ಆರ್‌ಸಿಸಿಬಿ ಹಾಳಾಗಿದೆ, ತೆಗೆದು ಡೈರೆಕ್ಟ್ ಕೊಟ್ಟುಬಿಡೋಣ."

ಮನೆ ವೈರಿಂಗಿನ ವಿಷಯದಲ್ಲಿ ಇದಕ್ಕಿಂತ ಕೆಟ್ಟ ಸಲಹೆ ಇಲ್ಲ. ಡೈರೆಕ್ಟ್ ಕೊಟ್ಟರೆ ಲೈಟು ಉರಿಯುತ್ತದೆ, ಫ್ಯಾನು ತಿರುಗುತ್ತದೆ, ಎಲ್ಲರೂ ನಿರಾಳ. ಆದರೆ ಯಾವ ಲೀಕೇಜಿನಿಂದ ಅದು ಬೀಳುತ್ತಿತ್ತೋ ಆ ಲೀಕೇಜು ಹಾಗೇ ಉಳಿದಿರುತ್ತದೆ: ಗೀಸರಿನಲ್ಲೋ, ಗೇಟಿನ ಲೈಟಿನಲ್ಲೋ, ಒದ್ದೆಯಾದ ಗೋಡೆಯೊಳಗೋ. ಅದನ್ನು ತಿಳಿಸುವವನ ಬಾಯಿ ಮುಚ್ಚಿಸಿದ್ದಷ್ಟೇ ಆಗಿರುತ್ತದೆ.

ಎಂಸಿಬಿಗೂ ಆರ್‌ಸಿಸಿಬಿಗೂ ಇರುವ ವ್ಯತ್ಯಾಸ ಇಲ್ಲಿ ಗೊತ್ತಿರಬೇಕು. ಎಂಸಿಬಿ ಅಂದರೆ ಮಿತಿಗಿಂತ ಹೆಚ್ಚು ಕರೆಂಟು ಹರಿದರೆ ಬೀಳುವ ಸ್ವಿಚ್ಚು, ಅದು ಇರುವುದು ವೈರನ್ನು ಕಾಯುವುದಕ್ಕೆ. ಮನೆಗಳಲ್ಲಿ ಸಾಮಾನ್ಯವಾಗಿ ಹಾಕುವ, ಸಿ ಕರ್ವ್ ಎಂಬ ಬಗೆಯ 16 ಆಂಪಿಯರ್ ಎಂಸಿಬಿ ತಕ್ಷಣ ಬೀಳಬೇಕಾದರೆ ಅದರ ಐದರಿಂದ ಹತ್ತು ಪಟ್ಟು, ಅಂದರೆ 80ರಿಂದ 160 ಆಂಪಿಯರ್ ಹರಿಯಬೇಕು. ಒದ್ದೆ ಮೈಯ ಮನುಷ್ಯನ ಪ್ರತಿರೋಧ ಸುಮಾರು 1000 ಓಮ್ ಎಂದು ಹಿಡಿಯಿರಿ. 230 ವೋಲ್ಟಿಗೆ ಅವನ ಮೈಯಲ್ಲಿ ಹರಿಯುವುದು 0.23 ಆಂಪಿಯರ್. ಜೀವ ತೆಗೆಯಲು ಅಷ್ಟು ಬೇಕಾದಷ್ಟಾಯಿತು. ಎಂಸಿಬಿಗೆ ಅದೊಂದು 50 ವ್ಯಾಟ್ ಬಲ್ಬು ಹಾಕಿದ ಹಾಗೆ. ಅದು ಅಲುಗಾಡುವುದೂ ಇಲ್ಲ.

ಆರ್‌ಸಿಸಿಬಿ ನೋಡುವುದೇ ಬೇರೆ ಲೆಕ್ಕ. ಫೇಸಿನಲ್ಲಿ ಎಷ್ಟು ಕರೆಂಟು ಹೋಯಿತೋ ಅಷ್ಟೇ ನ್ಯೂಟ್ರಲ್ಲಿನಲ್ಲಿ ವಾಪಸು ಬಂತೇ ಎಂದು ತೂಗುತ್ತಿರುತ್ತದೆ. ಕಡಿಮೆ ಬಂದರೆ ಉಳಿದದ್ದು ಇನ್ನೆಲ್ಲೋ ನೆಲಕ್ಕೆ ಇಳಿಯುತ್ತಿದೆ ಎಂದರ್ಥ. ಮನೆಗೆ ಹಾಕುವ 30 ಮಿಲಿ ಆಂಪಿಯರಿನದು 15ರಿಂದ 30ರ ನಡುವೆ ಎಲ್ಲೋ ಬೀಳುತ್ತದೆ. 30 ಮುಟ್ಟಿದರೆ 0.3 ಸೆಕೆಂಡಿನೊಳಗೆ ಬೀಳಲೇಬೇಕು. ಹಳಬರು ಇದನ್ನೇ ಇಎಲ್‌ಸಿಬಿ ಅನ್ನುತ್ತಾರೆ. ಅಂಗಡಿಯಲ್ಲೂ ಆ ಹೆಸರು ನಡೆಯುತ್ತದೆ.

"ನಮ್ಮನೇಲಿ ಅರ್ಥಿಂಗ್ ಚೆನ್ನಾಗಿದೆ, ಅದೊಂದೇ ಸಾಕು" ಎಂಬ ಮಾತೂ ಉಂಟು. ಲೆಕ್ಕ ಹಾಕಿ ನೋಡೋಣ. ಮನೆಯ ಅರ್ಥ್ ಗುಂಡಿ 10 ಓಮ್ ತೋರಿಸುತ್ತಿದೆ, ಗೀಸರಿನ ಫೇಸ್ ಅದರ ಮೈಗೆ ನೇರವಾಗಿ ತಾಗಿದೆ ಎಂದುಕೊಳ್ಳಿ. 230 ಭಾಗಿಸು 10, ಹರಿಯುವುದು ಹೆಚ್ಚೆಂದರೆ 23 ಆಂಪಿಯರ್. 16ರ ಎಂಸಿಬಿಗೆ ಇದು ಬರೀ ಒಂದೂವರೆ ಪಟ್ಟಿನ ಹತ್ತಿರ. ಅದರ ಸ್ಟ್ಯಾಂಡರ್ಡ್ ಪ್ರಕಾರ 1.45 ಪಟ್ಟು ಕರೆಂಟಿಗೆ ಒಂದು ಗಂಟೆಯೊಳಗೆ ಬಿದ್ದರೆ ಸಾಕು. ಅಲ್ಲಿಯವರೆಗೆ ಗೀಸರಿನ ಮೈಯಲ್ಲಿ ಅಪಾಯದ ವೋಲ್ಟೇಜು ನಿಂತಿರುತ್ತದೆ. ಗೀಸರಿನಲ್ಲಿ ಮಾತ್ರವೂ ಅಲ್ಲ. ಫ್ರಿಜ್ಜು, ವಾಷಿಂಗ್ ಮೆಷೀನು, ಮಿಕ್ಸಿ ಬೋರ್ಡು ಎಲ್ಲಕ್ಕೂ ಹೋಗಿರುವುದು ಅದೇ ಅರ್ಥ್ ವೈರ್. ಬಚ್ಚಲುಮನೆಯ ದೋಷ ಅಡುಗೆಮನೆಯ ಫ್ರಿಜ್ಜಿನ ಹಿಡಿಕೆಯಲ್ಲಿ ಶಾಕ್ ಹೊಡೆಯುವುದು ಹೀಗೆ.

ಅದೇ ಮನೆಯಲ್ಲಿ ಆರ್‌ಸಿಸಿಬಿ ಇದ್ದರೆ ಗುಂಡಿ 10ರ ಬದಲು 100 ಓಮ್ ಇದ್ದರೂ ಪಾರು. 0.03 ಆಂಪಿಯರ್ ಗುಣಿಸು 100, ಮೂರು ವೋಲ್ಟು. ಗೀಸರಿನ ಮೈಯಲ್ಲಿ ಅದಕ್ಕಿಂತ ಹೆಚ್ಚು ಏರಿದರೂ 0.3 ಸೆಕೆಂಡಿನೊಳಗೆ ಲೈನ್ ಕಟ್ಟಾಗಿರುತ್ತದೆ. ಹಾಗಂತ ಅರ್ಥೇ ಬೇಡ ಎಂದಲ್ಲ. ಅರ್ಥ್ ಇಲ್ಲದ ಮನೆಯಲ್ಲಿ ಲೀಕಾದ ಕರೆಂಟಿಗೆ ಇಳಿಯಲು ದಾರಿಯಿರುವುದಿಲ್ಲ. ಯಾರಾದರೂ ಮುಟ್ಟಿದಾಗ ಅವರ ಮೈಯೇ ದಾರಿಯಾಗಿ, ಶಾಕ್ ಹೊಡೆದ ಮೇಲೆ ಆರ್‌ಸಿಸಿಬಿ ಬೀಳುತ್ತದೆ. ಅರ್ಥ್ ಇದ್ದರೆ ಯಾರೂ ಮುಟ್ಟುವ ಮೊದಲೇ ಬೀಳುತ್ತದೆ.

ಈಗ ಕಳ್ಳನನ್ನು ಹಿಡಿಯುವ ಕೆಲಸ. ಮೊದಲು ಬಿದ್ದಿರುವುದು ಯಾವುದು ನೋಡಿ. ಡಿಬಿ ಬಾಕ್ಸಿನಲ್ಲಿ, ಅಂದರೆ ಎಂಸಿಬಿಗಳೆಲ್ಲ ಸಾಲಾಗಿ ಕೂತಿರುವ ಪೆಟ್ಟಿಗೆಯಲ್ಲಿ, ಎಲ್ಲಕ್ಕಿಂತ ಅಗಲದ್ದು, ಮೈಮೇಲೆ ಟಿ ಎಂಬ ಇಂಗ್ಲಿಷ್ ಅಕ್ಷರದ ಪುಟ್ಟ ಬಟನ್ ಇರುವುದು ಆರ್‌ಸಿಸಿಬಿ. ಆ ಬಟನ್ನೇ ಕಾಣದಿದ್ದರೆ ಅಲ್ಲಿರುವುದು ಐಸೊಲೇಟರ್, ಬರೀ ಆನ್-ಆಫ್ ಸ್ವಿಚ್ಚು. ನೋಡಲು ಎರಡೂ ಒಂದೇ ಥರ ಇರುವುದರಿಂದ ಆರ್‌ಸಿಸಿಬಿ ತೆಗೆದು ಇದನ್ನು ಕೂರಿಸಿ ಹೋದರೆ ಮನೆಯವರಿಗೆ ತಿಳಿಯುವುದೇ ಇಲ್ಲ. ಇವತ್ತೇ ಒಮ್ಮೆ ಬಾಗಿಲು ತೆಗೆದು ನೋಡಿ.

ಆರ್‌ಸಿಸಿಬಿಯೇ ಬಿದ್ದಿದ್ದರೆ, ಅದರ ಕೆಳಗಿನ ಎಂಸಿಬಿಗಳನ್ನೆಲ್ಲ ಕೆಳಗಿಳಿಸಿ. ಆರ್‌ಸಿಸಿಬಿಯ ಲಿವರನ್ನು ಪೂರ್ತಿ ಕೆಳಕ್ಕೊತ್ತಿ ಆಮೇಲೆ ಮೇಲೆತ್ತಿ. ಕೆಲವು ನಡುವಿನಲ್ಲಿ ನಿಂತಿರುತ್ತವೆ, ಕೆಳಕ್ಕೊತ್ತದೆ ಎತ್ತಿದರೆ ನಿಲ್ಲುವುದಿಲ್ಲ. ನಿಂತಿತೋ, ಎಂಸಿಬಿಗಳನ್ನು ಒಂದೊಂದಾಗಿ, ನಡುವೆ ಅರ್ಧ ನಿಮಿಷ ಬಿಟ್ಟು ಎತ್ತುತ್ತಾ ಬನ್ನಿ. ಯಾವುದನ್ನು ಎತ್ತಿದಾಗ ಬೀಳುತ್ತದೋ ಆ ಸರ್ಕ್ಯೂಟಿನ ಮೇಲೆ ಅನುಮಾನ. ಅದನ್ನು ಇಳಿಸಿಟ್ಟು, ಆ ಸರ್ಕ್ಯೂಟಿನಲ್ಲಿರುವ ಪ್ಲಗ್ಗುಗಳನ್ನೆಲ್ಲ ಸಾಕೆಟ್ಟಿನಿಂದ ಕಿತ್ತು ಮತ್ತೆ ಎತ್ತಿ ನೋಡಿ. ಈಗ ನಿಂತರೆ ದೋಷ ಉಪಕರಣದಲ್ಲಿದೆ, ಆಗಲೂ ಬಿದ್ದರೆ ವೈರಿಂಗಿನಲ್ಲಿ.

ಪ್ಲಗ್ಗು ಕೀಳಿ ಎಂದದ್ದಕ್ಕೆ ಕಾರಣವಿದೆ. "ಸ್ವಿಚ್ ಆಫ್ ಮಾಡಿದೀನಿ, ಆದರೂ ಬೀಳುತ್ತೆ" ಎಂದು ಬಹಳ ಜನ ತಲೆ ಕೆಡಿಸಿಕೊಳ್ಳುತ್ತಾರೆ. ನಮ್ಮ ಬೋರ್ಡಿನ ಸ್ವಿಚ್ಚು ಕತ್ತರಿಸುವುದು ಫೇಸನ್ನು ಮಾತ್ರ. ನ್ಯೂಟ್ರಲ್ ಉಪಕರಣದೊಳಗೆ ಹೋಗಿಯೇ ಇರುತ್ತದೆ. ಫೇಸನ್ನಷ್ಟೇ ಕತ್ತರಿಸುವ ಒಂಟಿ ಪೋಲಿನ ಎಂಸಿಬಿ ಇಳಿಸಿದರೂ ಇದೇ ಕಥೆ. ಆ ನ್ಯೂಟ್ರಲ್ ಎಲ್ಲೋ ಅರ್ಥಿಗೆ ತಾಗಿದ್ದರೆ ಮನೆಯ ಬೇರೆ ಲೋಡಿನ ಕರೆಂಟು ವಾಪಸು ಬರುವಾಗ ಒಂದು ಪಾಲು ನ್ಯೂಟ್ರಲ್ಲಿನಲ್ಲೂ ಒಂದು ಪಾಲು ನೆಲಕ್ಕೂ ಹಂಚಿಹೋಗುತ್ತದೆ. ಲೆಕ್ಕ ತಪ್ಪಿತು, ಆರ್‌ಸಿಸಿಬಿ ಬಿತ್ತು.

ನ್ಯೂಟ್ರಲ್-ಅರ್ಥ್ ಕೂಡಿದ ಈ ದೋಷ ತುಂಬ ದಾರಿ ತಪ್ಪಿಸುತ್ತದೆ. ಇಸ್ತ್ರಿಪೆಟ್ಟಿಗೆ ಹಾಕಿದಾಗಲೆಲ್ಲ ಬೀಳುತ್ತದೆ, ಹೊಸ ಇಸ್ತ್ರಿಪೆಟ್ಟಿಗೆ ತಂದರೂ ಬೀಳುತ್ತದೆ. ಪೆಟ್ಟಿಗೆ ನಿರಪರಾಧಿ, ನ್ಯೂಟ್ರಲ್ ತಾಗಿರುವುದು ಟೆರೇಸಿನ ಯಾವುದೋ ಜಂಕ್ಷನ್ ಬಾಕ್ಸಿನಲ್ಲಿ. ಭಾರದ ಲೋಡು ಯಾವುದನ್ನು ಹಾಕಿದರೂ ಬೀಳುತ್ತದೆ, ಬಲ್ಬು ಫ್ಯಾನಿಗೆ ಮಾತ್ರ ನಿಲ್ಲುತ್ತದೆ ಎಂದಾದರೆ ಮೊದಲು ಅನುಮಾನ ಪಡಬೇಕಾದದ್ದು ಇದನ್ನೇ. ಎಲ್ಲಾ ಎಂಸಿಬಿ ಕೆಳಗಿದ್ದೂ ಆರ್‌ಸಿಸಿಬಿ ನಿಲ್ಲದಿದ್ದರೂ ಇದೇ ಇರಬಹುದು: ಬೀದಿಯ ಲೋಡಿನಿಂದ ನ್ಯೂಟ್ರಲ್ಲಿನಲ್ಲಿ ಅರ್ಥಿಗೆ ಹೋಲಿಸಿದರೆ ಒಂದೆರಡು ವೋಲ್ಟು ಇದ್ದೇ ಇರುತ್ತದೆ, ಅಷ್ಟು ಸಾಕು.

ಇಲ್ಲಿಂದ ಮುಂದಿನದು ಎಲೆಕ್ಟ್ರಿಷಿಯನ್ ಕೈಯ ಕೆಲಸ. ಮೀಟರ್ ಬೋರ್ಡಿನ ಮೇನ್ ತೆಗೆದು, ಡಿಬಿಯೊಳಗಿನ ನ್ಯೂಟ್ರಲ್ ಲಿಂಕ್, ಅಂದರೆ ಕಪ್ಪು ವೈರುಗಳೆಲ್ಲ ಸ್ಕ್ರೂಗಳಡಿ ಸಾಲಾಗಿ ಕೂತಿರುವ ಹಿತ್ತಾಳೆ ಪಟ್ಟಿ, ಅದರಿಂದ ವೈರುಗಳನ್ನು ಒಂದೊಂದಾಗಿ ಬಿಚ್ಚಬೇಕು. ಬಿಚ್ಚಿದ್ದಕ್ಕೆ ತುಂಡು ಟೇಪು ಹಚ್ಚಿ ನಂಬರು ಬರೆಯಬೇಕು. ಎಲ್ಲ ಬಿಚ್ಚಿದ ಮೇಲೆ ಪ್ರತಿಯೊಂದಕ್ಕೂ ಅರ್ಥಿಗೂ ನಡುವೆ 500 ವೋಲ್ಟಿನ ಮೆಗ್ಗರ್, ಅಂದರೆ ಇನ್ಸುಲೇಷನ್ ಅಳೆಯುವ ಉಪಕರಣ, ಹಿಡಿದರೆ ಕಳ್ಳ ಐದು ನಿಮಿಷದಲ್ಲಿ ಸಿಗುತ್ತಾನೆ. ಒಂದು ಮೆಗಾ ಓಮಿಗಿಂತ ಕೆಳಗೆ ಬಂದರೆ ಆ ಲೈನು ಸರಿಯಿಲ್ಲ. ಒಣಗಿದ ಒಳ್ಳೆಯ ವೈರಿಂಗು ಅದರ ಎಷ್ಟೋ ಪಟ್ಟು ತೋರಿಸುತ್ತದೆ. ಆರ್‌ಸಿಸಿಬಿ ಬೀಳುವಷ್ಟು ಲೀಕೇಜು ಅಂದರೆ ಫೇಸಿನ ಕಡೆ 230 ಭಾಗಿಸು 0.03, ಸುಮಾರು ಏಳೂವರೆ ಕಿಲೋ ಓಮ್. ಅಷ್ಟರಮಟ್ಟಿಗೆ ಇನ್ಸುಲೇಷನ್ ಸತ್ತಿರುತ್ತದೆ. ಮೆಗ್ಗರ್ ಹಿಡಿಯುವ ಮೊದಲು ಟಿವಿ, ಎಲ್‌ಇಡಿ ಲೈಟು, ಯುಪಿಎಸ್ಸಿನ ಕನೆಕ್ಷನ್ ಬಿಚ್ಚಿಸುವುದನ್ನು ಮರೆಯಬೇಡಿ, ಅವು ಸುಟ್ಟುಹೋಗುತ್ತವೆ. ಮೆಗ್ಗರ್ ಇಲ್ಲದೆ ಬರೀ ಟೆಸ್ಟರ್ ಹಿಡಿದು ಬಂದವರಿಂದ ಈ ಕೆಲಸ ಆಗುವುದು ಅದೃಷ್ಟವಿದ್ದರೆ ಮಾತ್ರ. ಫೋನಿನಲ್ಲೇ ಕೇಳಿಬಿಡಿ: "ಮೆಗ್ಗರ್ ಇದೆಯಾ?"

ದೋಷ ಹೆಚ್ಚಾಗಿ ಸಿಗುವ ಜಾಗಗಳಲ್ಲಿ ಗೀಸರಿಗೆ ಮೊದಲ ಮಣೆ. ಅದರ ಹೀಟಿಂಗ್ ಎಲಿಮೆಂಟ್ ಒಂದು ಲೋಹದ ಕೊಳವೆ. ಒಳಗೆ ಕಾಯುವ ತಂತಿಸುರುಳಿ, ತಂತಿಗೂ ಕೊಳವೆಗೂ ನಡುವೆ ಒತ್ತಿ ತುಂಬಿದ ಮೆಗ್ನೀಷಿಯಂ ಆಕ್ಸೈಡಿನ ಬಿಳಿ ಪುಡಿ. ಬೋರ್‌ವೆಲ್ಲಿನ ಗಡಸು ನೀರಿದ್ದರೆ ಕೊಳವೆಯ ಮೇಲೆ ಸುಣ್ಣದ ಪದರ ಕೂರುತ್ತಾ ಹೋಗುತ್ತದೆ. ಶಾಖ ನೀರಿಗೆ ದಾಟದೆ ಕೊಳವೆ ಅತಿಯಾಗಿ ಕಾಯುತ್ತದೆ, ಕೂದಲೆಳೆಯಷ್ಟು ಸೀಳುತ್ತದೆ, ನೀರು ಒಳಗಿಳಿದು ಪುಡಿ ಒದ್ದೆಯಾಗುತ್ತದೆ. ಹಾಕಿದ ತಕ್ಷಣ ಬೀಳದೆ ಐದು-ಹತ್ತು ನಿಮಿಷ ಕಾದ ಮೇಲೆ ಬೀಳುವ ಗೀಸರಿನಲ್ಲಿ ಹೀಗಾಗಿರುವ ಸಾಧ್ಯತೆ ಹೆಚ್ಚು: ಬಿಸಿಗೆ ಕೊಳವೆ ಹಿಗ್ಗಿ ಸೀಳು ಬಾಯಿಬಿಡುತ್ತದೆ. ತಿಂಗಳುಗಟ್ಟಲೆ ಬಳಸದೆ ಇಟ್ಟ ಗೀಸರು ಮೊದಲ ದಿನವೇ ಬೀಳಿಸುವುದೂ ಉಂಟು. ಆ ಪುಡಿ ಗಾಳಿಯ ತೇವ ಹೀರುತ್ತದೆ.

ಪ್ಲಗ್ಗು ಕಿತ್ತು, ಅದರ ಪಿನ್ನುಗಳ ಮೇಲೆ ಮಲ್ಟಿಮೀಟರ್ ಇಟ್ಟು ನೋಡಬಹುದು. ಫೇಸ್-ನ್ಯೂಟ್ರಲ್ ನಡುವೆ 2000 ವ್ಯಾಟಿನ ಗೀಸರು ಸುಮಾರು 26 ಓಮ್, 3000ದ್ದು 17-18 ಓಮ್ ತೋರಿಸಬೇಕು. ನೀರು ತಣ್ಣಗಿರಲಿ, ಇಲ್ಲದಿದ್ದರೆ ಥರ್ಮೋಸ್ಟಾಟ್ ಬಿಟ್ಟಿರುತ್ತದೆ. ಫೇಸ್ ಪಿನ್ನಿಗೂ ದಪ್ಪನೆಯ ಅರ್ಥ್ ಪಿನ್ನಿಗೂ ನಡುವೆ ಏನೂ ತೋರಿಸಬಾರದು. ಕಿಲೋ ಓಮ್‌ಗಳಲ್ಲಿ ಅಂಕಿ ಬಂದರೆ ಎಲಿಮೆಂಟ್ ಬದಲಾಯಿಸಬೇಕು. ಎಲಿಮೆಂಟ್ ಹಾಕಿಸುವಾಗ, ಟ್ಯಾಂಕಿನ ಬದಲು ತಾನು ಸವೆಯುವ ಆನೋಡ್ ರಾಡನ್ನೂ ಗ್ಯಾಸ್ಕೆಟ್ಟನ್ನೂ ಹೊಸದೇ ಹಾಕಿಸಿ. ಹೇಗೂ ಬಿಚ್ಚಿರುತ್ತಾರೆ.

ಗೀಸರಿನ ವಿಷಯದಲ್ಲೇ ಇನ್ನೊಂದು ಸಲಹೆ ಓಡಾಡುತ್ತದೆ: "ಅರ್ಥ್ ವೈರ್ ಬಿಚ್ಚಿಬಿಡಿ, ಟ್ರಿಪ್ ನಿಲ್ಲುತ್ತೆ." ನಿಜ, ನಿಲ್ಲುತ್ತದೆ. ನೆಲಕ್ಕಿಳಿಯುತ್ತಿದ್ದ ಕರೆಂಟಿನ ದಾರಿ ಮುಚ್ಚಿತಲ್ಲ. ಅದು ಈಗ ಗೀಸರಿನ ಮೈಯಲ್ಲೂ ನಲ್ಲಿಯಿಂದ ಬರುವ ನೀರಿನಲ್ಲೂ ಕಾದು ಕೂತಿರುತ್ತದೆ, ಮಗು ಬಕೆಟಿನ ಮುಂದೆ ನಿಂತಿರುತ್ತದೆ. ಇಂಥ ಸಲಹೆ ಕೊಟ್ಟವರನ್ನು ಇನ್ನೊಮ್ಮೆ ಮನೆಗೆ ಕರೆಯಬೇಡಿ.

ಅಷ್ಟೇ ಅಪಾಯದ ಇನ್ನೊಂದು ಕೆಲಸ ಹಳೆಯ ಮನೆಗಳಲ್ಲಿ ಸಿಗುತ್ತದೆ. ಸಾಕೆಟ್ಟಿನ ಹಿಂದೆ ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ಒಂದು ತುಂಡು ವೈರ್ ಜೋಡಿಸಿರುತ್ತಾರೆ, ಗುಂಡಿ ತೋಡುವ ಖರ್ಚು ಉಳಿಸಲು. ಹೊಸದಾಗಿ ಆರ್‌ಸಿಸಿಬಿ ಹಾಕಿದ ದಿನವೇ ಅದು ಬೀಳುವುದಕ್ಕೆ ಹಲವು ಸಲ ಇದೇ ಕಾರಣ. ಆ ತುಂಡು ವೈರ್ ಇರುವಾಗ ಎಲ್ಲಾದರೂ ನ್ಯೂಟ್ರಲ್ ಕಟ್ಟಾದರೆ ಫ್ರಿಜ್ಜಿನ ಮೈಗೆ ನೇರ 230 ವೋಲ್ಟು ಬರುತ್ತದೆ. ಸಿಕ್ಕ ತಕ್ಷಣ ತೆಗೆಸಿ.

ಮಳೆ ಬಂದಾಗ ಮಾತ್ರ ಬೀಳುವುದಾದರೆ ಹೊರಗಡೆ ಹುಡುಕಿ. ಕಾಂಪೌಂಡ್ ಲೈಟಿನ ಹೋಲ್ಡರ್, ಗೇಟಿನ ಬೆಲ್ ಸ್ವಿಚ್, ಟ್ಯಾಂಕಿನ ಪಕ್ಕದ ಬೋರ್ಡು, ಸಂಪಿನ ಪಂಪಿನ ಕೇಬಲ್ ಜಾಯಿಂಟು. ಹೊರಗಿನ ಬಾಕ್ಸಿಗೆ ಪೈಪು ಮೇಲಿನಿಂದ ಇಳಿದಿದ್ದರೆ ನೀರು ಪೈಪಿನ ಜೊತೆಗೇ ಒಳಗಿಳಿಯುತ್ತದೆ. ಪೈಪು ಕೆಳಗಿನಿಂದ ಬಾಕ್ಸಿಗೆ ಏರಬೇಕು, ಬಾಕ್ಸಿನ ತಳದಲ್ಲಿ ಸಣ್ಣ ತೂತಿರಬೇಕು. ಹೊರಗಿನ ಲೈನುಗಳಿಗೆಲ್ಲ ಬೇರೆಯೇ ಎರಡು ಪೋಲಿನ ಎಂಸಿಬಿ ಹಾಕಿಸಿದರೆ ಮಳೆಗಾಲದ ರಾತ್ರಿ ಅದೊಂದನ್ನು ಇಳಿಸಿ ಉಳಿದ ಮನೆಗೆ ಕರೆಂಟು ಉಳಿಸಿಕೊಳ್ಳಬಹುದು. ಸ್ವಿಚ್ ಬೋರ್ಡಿನೊಳಗೆ ಇರುವೆ ಗೂಡು, ಸತ್ತ ಹಲ್ಲಿ ಸಿಗುವುದೂ ಅಪರೂಪವಲ್ಲ.

ಕರೆಂಟು ಹೋಗಿ ಬಂದಾಗ, ಯುಪಿಎಸ್ಸಿನ ಲೈಟು ಹಾಕಿದಾಗ ಬೀಳುತ್ತದೆಯೇ? ಯುಪಿಎಸ್ ಲೈನಿನ ನ್ಯೂಟ್ರಲ್ ತಪ್ಪು ಜಾಗದಲ್ಲಿ ಸೇರಿದೆ. ಆರ್‌ಸಿಸಿಬಿಯ ಮುಂದಿನಿಂದ (ಮನೆಯ ಕಡೆಯಿಂದ) ಫೇಸ್ ತೆಗೆದುಕೊಂಡು ಹಿಂದಿನ (ಮೀಟರಿನ ಕಡೆಯ) ನ್ಯೂಟ್ರಲ್‌ಗೆ ವಾಪಸು ಕೊಟ್ಟರೆ ಅದರ ಕಣ್ಣಿಗೆ ಅದು ಲೀಕೇಜೇ. ಕೆಳಗಿನ ಮನೆಗೊಂದು, ಮಹಡಿಗೊಂದು ಆರ್‌ಸಿಸಿಬಿ ಇದ್ದು ಮೆಟ್ಟಿಲ ಲೈಟಿಗೆ ಎರಡೂ ಕಡೆಯ ವೈರ್ ಬೆರೆತಿದ್ದರೂ ಹೀಗೇ. ಪ್ರತಿ ಆರ್‌ಸಿಸಿಬಿಗೆ ಅದರದೇ ನ್ಯೂಟ್ರಲ್ ಪಟ್ಟಿ ಇರಬೇಕು, ಒಂದರದು ಇನ್ನೊಂದಕ್ಕೆ ತಾಗಬಾರದು.

ಎಲ್ಲವೂ ಸರಿಯಿದ್ದೂ ವಾರಕ್ಕೊಮ್ಮೆ ಕಾರಣವಿಲ್ಲದೆ ಬಿದ್ದಂತೆ ಕಂಡರೆ ಸಣ್ಣ ಸಣ್ಣ ಲೀಕೇಜುಗಳು ಕೂಡಿರುತ್ತವೆ. ಕಂಪ್ಯೂಟರ್, ವಾಷಿಂಗ್ ಮೆಷೀನ್, ಎಲ್‌ಇಡಿ ಡ್ರೈವರ್ ಪ್ರತಿಯೊಂದರ ಫಿಲ್ಟರಿನಿಂದಲೂ ಚೂರು ಕರೆಂಟು ಅರ್ಥಿಗೆ ಹೋಗುವುದು ಸಹಜ. ಒಂದು ಆರ್‌ಸಿಸಿಬಿಯ ಮೇಲೆ ಇಂಥದ್ದು 9 ಮಿಲಿ ಆಂಪಿಯರ್ ದಾಟದಂತೆ ನೋಡಿಕೊಳ್ಳಬೇಕು. ಇಡೀ ಮನೆಗೆ ಒಂದೇ ಹಾಕುವ ಬದಲು ಎರಡು ಮೂರಾಗಿ ಹಂಚುವುದು ಅದಕ್ಕೇ. ಗೀಸರಿಗೆ ಪ್ರತ್ಯೇಕವಾಗಿ 20 ಆಂಪಿಯರ್, 30 ಮಿಲಿ ಆಂಪಿಯರಿನ ಆರ್‌ಸಿಬಿಒ ಹಾಕಿಸಿದರೆ ಇನ್ನೂ ಒಳ್ಳೆಯದು. ಅದರಲ್ಲಿ ಎಂಸಿಬಿ, ಆರ್‌ಸಿಸಿಬಿ ಎರಡೂ ಒಂದರಲ್ಲೇ ಇರುತ್ತವೆ, ಗೀಸರು ಕೆಟ್ಟರೆ ಗೀಸರಿನದಷ್ಟೇ ಬೀಳುತ್ತದೆ.

ಕೊಳ್ಳುವಾಗ ಎರಡು ಪೋಲ್, 40 ಆಂಪಿಯರ್, 30 ಮಿಲಿ ಆಂಪಿಯರ್, ಐಎಸ್ 12640 ಎಂಬ ನಂಬರಿನ ಜೊತೆ ಐಎಸ್‌ಐ ಗುರುತು ನೋಡಿ. ಅಂಗಡಿಯವರು 100 ಅಥವಾ 300 ಮಿಲಿ ಆಂಪಿಯರಿನದು ಕೊಟ್ಟು "ಇದು ಸುಮ್ಮಸುಮ್ಮನೆ ಬೀಳಲ್ಲ" ಅಂದರೆ ತೆಗೆದುಕೊಳ್ಳಬೇಡಿ. 300ರದ್ದು ಬೆಂಕಿ ತಡೆಯಲು, ಮನುಷ್ಯರನ್ನು ಉಳಿಸಲು ಅಲ್ಲ. ಇನ್ವರ್ಟರ್ ಎಸಿ, ಹೊಸ ವಾಷಿಂಗ್ ಮೆಷೀನ್ ಇರುವ ಮನೆಗೆ 'ಟೈಪ್ ಎಸಿ' ಎಂಬ ಬಗೆಯ ಆರ್‌ಸಿಸಿಬಿಗಿಂತ 'ಟೈಪ್ ಎ' ಬಗೆಯದು ಸರಿ, ಸ್ವಲ್ಪ ದುಬಾರಿಯಾದರೂ. ಮತ್ತೆ, ಆರ್‌ಸಿಸಿಬಿಗೆ ಓವರ್‌ಲೋಡ್ ತಡೆಯುವ ಶಕ್ತಿಯಿಲ್ಲ. 40ರ ಆರ್‌ಸಿಸಿಬಿಯ ಹಿಂದೆ 40 ಅಥವಾ ಅದಕ್ಕಿಂತ ಕಡಿಮೆಯ ಎಂಸಿಬಿ ಇರಲೇಬೇಕು. ಒಬ್ಬರು ಫೇಸನ್ನೂ ನ್ಯೂಟ್ರಲ್ಲನ್ನೂ ಒಟ್ಟಿಗೆ ಹಿಡಿದರೆ, ಕಾಲಡಿ ಒಣ ಮರದ ಸ್ಟೂಲಿದ್ದರೆ, ಅದಕ್ಕೆ ಗೊತ್ತಾಗುವುದಿಲ್ಲ ಎಂಬುದೂ ನೆನಪಿರಲಿ. ಮೇನ್ ತೆಗೆಯದೆ ವೈರ್ ಮುಟ್ಟಬೇಡಿ.

ಸುಟ್ಟ ವಾಸನೆ ಬೇರೆ ವಿಷಯ. ಅದಕ್ಕೆ ಆರ್‌ಸಿಸಿಬಿಯೂ ಬೀಳುವುದಿಲ್ಲ, ಎಂಸಿಬಿಯೂ ಬೀಳುವುದಿಲ್ಲ. 3000 ವ್ಯಾಟಿನ ಗೀಸರು ಎಳೆಯುವುದು 13 ಆಂಪಿಯರ್. ಪ್ಲಗ್ಗಿನೊಳಗಿನ ಸ್ಕ್ರೂ ಸಡಿಲವಾಗಿ ಅಲ್ಲಿ ಅರ್ಧ ಓಮ್ ಪ್ರತಿರೋಧ ಬಂತೆಂದರೆ 13 ಗುಣಿಸು 13 ಗುಣಿಸು 0.5, ಸುಮಾರು 84 ವ್ಯಾಟ್ ಶಾಖ ಹೆಬ್ಬೆರಳಷ್ಟು ಜಾಗದಲ್ಲಿ. ಪಿನ್ನಿನ ಬುಡದ ಪ್ಲಾಸ್ಟಿಕ್ ಕಂದಾಗಿ, ಕಪ್ಪಾಗಿ, ಕರಗುವುದು ಹೀಗೆ. ಪ್ಲಗ್ಗೊಂದನ್ನೇ ಬದಲಿಸಿದರೆ ಎರಡು ತಿಂಗಳಿಗೆ ಮತ್ತೆ ಸುಡುತ್ತದೆ, ಏಕೆಂದರೆ ಸಾಕೆಟ್ಟಿನ ಒಳಗಿನ ಲೋಹದ ಪಟ್ಟಿ ಬಿಸಿಗೆ ಬಿಗಿ ಕಳೆದುಕೊಂಡಿರುತ್ತದೆ. ಎರಡನ್ನೂ ಬದಲಿಸಿ, ವೈರಿನ ಕಪ್ಪಾದ ತುದಿ ಒಂದಿಂಚು ಕತ್ತರಿಸಿ ಹೊಳೆಯುವ ತಾಮ್ರಕ್ಕೆ ಸ್ಕ್ರೂ ಬಿಗಿಯಿರಿ. ಗೀಸರಿಗೆ ಸಾಕೆಟ್ಟೇ ಇಲ್ಲದೆ 20 ಆಂಪಿಯರಿನ ಡಿಪಿ (ಎರಡು ಪೋಲಿನ) ಸ್ವಿಚ್ಚಿನಿಂದ ನೇರ ಕನೆಕ್ಷನ್ ಕೊಟ್ಟರೆ ಈ ತೊಂದರೆಯೂ ಇಲ್ಲ, ಆಫ್ ಮಾಡಿದಾಗ ನ್ಯೂಟ್ರಲ್ಲೂ ಕತ್ತರಿಸುತ್ತದೆ. ವೈರ್ ಲೈಟು ಫ್ಯಾನಿಗೆ ಒಂದೂವರೆ, ಪವರ್ ಸಾಕೆಟ್ಟಿಗೆ ಎರಡೂವರೆ, ಗೀಸರು ಎಸಿಗೆ ನಾಲ್ಕು ಸ್ಕ್ವೇರ್ ಎಂಎಂ. ಎರಡೂವರೆಯ ವೈರಿಗೆ 32ರ ಎಂಸಿಬಿ ಹಾಕಿದರೆ ಎಂಸಿಬಿ ಬೀಳುವ ಮೊದಲು ವೈರ್ ಬೇಯುತ್ತದೆ, 20 ದಾಟಬೇಡಿ.

ಅರ್ಥ್ ಗುಂಡಿಗೆ ಎರಡೂವರೆ ಮೀಟರ್ ಉದ್ದ, 40 ಮಿ.ಮೀ. ಜಿಐ ಪೈಪು, ಸುತ್ತ ಇದ್ದಿಲು-ಉಪ್ಪಿನ ಪದರ, ಮೇಲೆ ನೀರು ಹೊಯ್ಯಲು ಫನಲ್: ಇದು ಹಳೆಯ ಕ್ರಮ, ಈಗಲೂ ನಡೆಯುತ್ತದೆ. ಉಪ್ಪು ಕ್ರಮೇಣ ಪೈಪನ್ನು ತಿನ್ನುವುದರಿಂದ ಈಗ ಬೆಂಟೊನೈಟ್ ಎಂಬ ಜೇಡಿಮಣ್ಣಿನ ಪುಡಿ ತುಂಬುವವರಿದ್ದಾರೆ. ಕರಾವಳಿಯ ಮುರಕಲ್ಲಿನ ನೆಲದಲ್ಲಿ ಬೇಸಿಗೆ ಬಂದಾಗ ಪ್ರತಿರೋಧ ಏರುತ್ತದೆ. ಮಾರ್ಚ್‌ನಿಂದ ಮೇ ತನಕ ಗುಂಡಿಗೆ ನೀರು ಹಾಕಿ. ಮಲ್ಟಿಮೀಟರಿನಲ್ಲಿ ಫೇಸಿಗೂ ಅರ್ಥಿಗೂ 230 ತೋರಿಸಿತೆಂದು ಅರ್ಥ್ ಚೆನ್ನಾಗಿದೆ ಎಂದುಕೊಳ್ಳಬೇಡಿ. ತುಕ್ಕು ಹಿಡಿದು ಒಂದೇ ಎಳೆಯಲ್ಲಿ ನೇತಾಡುವ ತಂತಿಯೂ ಮಲ್ಟಿಮೀಟರಿಗೆ 230 ತೋರಿಸುತ್ತದೆ, ಅದು ಎಳೆಯುವ ಕರೆಂಟು ಅಷ್ಟು ಕಡಿಮೆ. ಅರ್ಥ್ ಟೆಸ್ಟರಿನಿಂದ ನೆಲಕ್ಕೆ ಮೊಳೆ ಹೊಡೆದು ಅಳೆಸಿ. ಗುಂಡಿಯ ಮುಚ್ಚಳ ತೆಗೆದು ಕ್ಲಾಂಪಿನ ನಟ್ಟು ಬಿಗಿಯಾಗಿದೆಯೇ ಎಂದು ವರ್ಷಕ್ಕೊಮ್ಮೆ ನೋಡುವುದನ್ನು ನೀವೇ ಮಾಡಬಹುದು. ತಂತಿ ಮುಟ್ಟುವ ಮೊದಲು ಮೇನ್ ಆಫ್ ಇರಲಿ.

ಕಂಬದಿಂದ ಮೀಟರಿನವರೆಗಿನ ವೈರಿನಲ್ಲಿ ಕಿಡಿ, ಲೈಟು ಒಮ್ಮೆ ಮಂಕಾಗಿ ಒಮ್ಮೆ ಝಗ್ಗನೆ ಉರಿಯುವುದು ಕಂಡರೆ ಮೇನ್ ತೆಗೆದು ವಿದ್ಯುತ್ ಕಂಪನಿಯ ದೂರಿನ ನಂಬರ್ 1912ಕ್ಕೆ ಫೋನ್ ಮಾಡಿ. ಅದು ಮನೆ ಎಲೆಕ್ಟ್ರಿಷಿಯನ್ ಮುಟ್ಟುವ ಜಾಗವಲ್ಲ.

ಟಿ ಬಟನ್ನನ್ನು ತಿಂಗಳಿಗೊಮ್ಮೆ ಒತ್ತಿ, ಒತ್ತಿದ ಕೂಡಲೇ ಬೀಳಬೇಕು. ಅದು ಆರ್‌ಸಿಸಿಬಿಯೊಳಗಿನ ಯಂತ್ರವನ್ನು ಪರೀಕ್ಷಿಸುತ್ತದೆ, ನಿಮ್ಮ ಅರ್ಥಿಂಗನ್ನಲ್ಲ. ಮುಂದಿನ ಸಲ ಒತ್ತುವಾಗ ಯುಪಿಎಸ್ಸನ್ನೂ ಆಫ್ ಮಾಡಿ. ಆರ್‌ಸಿಸಿಬಿ ಬಿದ್ದಿರುವಾಗಲೇ ಒಂದು ಟೇಬಲ್ ಲ್ಯಾಂಪ್ ಹಿಡಿದು ಮನೆಯ ಒಂದೊಂದು ಸಾಕೆಟ್ಟಿಗೂ ಚುಚ್ಚಿ ನೋಡಿ. ಗೀಸರಿನ ಇಂಡಿಕೇಟರ್, ಪಂಪಿನ ಸ್ಟಾರ್ಟರ್ ಕೂಡ. ಎಲ್ಲಾದರೂ ಲೈಟು ಹತ್ತಿದರೆ ಆ ಲೈನು ಆರ್‌ಸಿಸಿಬಿಯ ಹಿಂದಿನಿಂದ ಬಂದಿದೆ. ಡಿಬಿಯ ಬಾಗಿಲ ಒಳಮೈಗೆ ಒಂದು ಕಾಗದ ಅಂಟಿಸಿ ಅದನ್ನು ಬರೆದಿಡಿ, ಎಲೆಕ್ಟ್ರಿಷಿಯನ್ ಬಂದ ದಿನ ಮೊದಲು ಅದನ್ನೇ ತೋರಿಸಿ.